ಶೇಂಗಾ ಹೊಲ ಮತ್ತು ಲೋಕವ್ಯವಹಾರ

ಕೊಂಡ್ಲಹಳ್ಳಿಯ ರೈತನು ಮಳೆಯನ್ನು ನಂಬಿ ಶೇಂಗಾ ಬಿತ್ತುತ್ತಾನೆ. ಅದರ ಬೆಲೆ ಮಾತ್ರ ದೂರದೇಶಗಳಲ್ಲಿ ನಿಶ್ಚಯವಾಗುತ್ತದೆ. 1986ರ ಎಣ್ಣೆಕಾಳು ತಂತ್ರಜ್ಞಾನ ಮಿಷನ್ ಸುಧಾರಿತ ಬೀಜ, ಬೆಂಬಲ ಬೆಲೆಗಳ ಮೂಲಕ ದೇಶವನ್ನು ಸ್ವಾವಲಂಬನೆಯ ಸಮೀಪಕ್ಕೆ ಒಯ್ದಿತು. 1994ರಲ್ಲಿ ಸರ್ಕಾರ ತಾಳೆ ಎಣ್ಣೆಯ ಆಮದನ್ನು ಮುಕ್ತಗೊಳಿಸಿತು. 1998ರ ವೇಳೆಗೆ ಸುಂಕವೂ ಶೇ. 65ರಿಂದ 15ಕ್ಕೆ ಇಳಿಯಿತು. ಎಣ್ಣೆಯ ನಗರವೆನಿಸಿದ ಚಳ್ಳಕೆರೆಯ ಗಿರಣಿಗಳು ಅಗ್ಗದ ಎಣ್ಣೆಯೊಡನೆ ಸೆಣಸಬೇಕಾಯಿತು. 2022ರಲ್ಲಾದರೋ ಉಕ್ರೇನಿನ ಯುದ್ಧವೂ ಇಂಡೋನೇಷ್ಯದ ರಫ್ತು ನಿಷೇಧವೂ ಆ ಅಗ್ಗದ ಎಣ್ಣೆಯನ್ನೇ ದುಬಾರಿಯಾಗಿಸಿದವು.

ಆಮದು ಬಡವರ ಬಾಣಲೆಗೆ ನೆರವಾಗುವುದು ನಿಜ. ಆದರೆ ಬೆಳೆಯುವ ಬಡವನೂ ಕೊಳ್ಳುವ ಬಡವನೂ ಒಂದೇ ಊರಿನವರೆಂಬುದನ್ನು ನಾವು ಮರೆಯಲಾಗದು. ಒಬ್ಬನ ಹೊಲವನ್ನು ಬರಿದು ಮಾಡಿ ಇನ್ನೊಬ್ಬನ ಒಲೆ ಹೊತ್ತಿಸುವ ನೀತಿ ನ್ಯಾಯವೆನಿಸದು. ಸುಂಕದ ಅಂಕಿಯ ಹಿಂದೆ ಮನುಷ್ಯನನ್ನು ಕಾಣುವುದೇ ರಾಜಕಾರಣದ ಮೊದಲ ಧರ್ಮ. ಅದನ್ನು ಕೇಳುವುದು ನಮ್ಮೆಲ್ಲರ ಹೊಣೆ.