ಬೆಸುಗೆಗೂ ಉಂಟು ಮುಹೂರ್ತ

ಮದುವೆಗೆ ಮುಹೂರ್ತವುಂಟು, ಗೃಹಪ್ರವೇಶಕ್ಕೂ ಉಂಟು. ನೆಲದೊಳಗೆ ಹೂಳುವ ನೀರಿನ ಕೊಳವೆಗೂ ಮುಹೂರ್ತ ನೋಡಬೇಕೆಂದರೆ ಯಾರಿಗಾದರೂ ನಗು ಬಂದೀತು. ಆದರೆ ಇದು ಪರಿಹಾಸ್ಯದ ಮಾತಲ್ಲ. ಕೊಳವೆಯ ಪಂಚಾಂಗದಲ್ಲಿ ತಿಥಿಯಿಲ್ಲ, ನಕ್ಷತ್ರವಿಲ್ಲ. ಇರುವುದು ಒಂದೇ ಅಂಗ. ಅದು ಉಷ್ಣಮಾನ.

ಮೈಸೂರು ನಗರಕ್ಕೆ ಕೊಳವೆಯ ನೀರು ಬಂದದ್ದು 1896ರಲ್ಲಿ, ಬೆಳಗೊಳದ ಯೋಜನೆಯಿಂದ. ಇಂದು ಬೆಳಗೊಳ, ಹೊಂಗಳ್ಳಿ, ಮೇಳಾಪುರಗಳಿಂದ ಕಾವೇರಿಯ ನೀರೂ, ಇನ್ನೊಂದು ದಿಕ್ಕಿನಿಂದ ಕಬಿನಿಯ ನೀರೂ ಊರನ್ನು ಸೇರುತ್ತವೆ. ನದಿಯಿರುವುದು ತಗ್ಗಿನಲ್ಲಿ, ಊರಿರುವುದು ದಿಣ್ಣೆಯ ಮೇಲೆ. ಯಂತ್ರಗಳು ನೀರನ್ನು ಮೇಲಕ್ಕೆ ನೂಕಬೇಕು. ಆ ನೂಕನ್ನು ಸಹಿಸುತ್ತ ಕೊಳವೆಗಳು ಹಗಲಿರುಳು ಮಲಗಿರಬೇಕು. ದೊಡ್ಡ ಕೊಳವೆಯ ಒಂದು ಬೆಸುಗೆ ಬಿಟ್ಟುಕೊಂಡರೆ ಸಾಕು, ಬಡಾವಣೆಗಳ ನಲ್ಲಿಗಳು ಒಣಗುತ್ತವೆ, ಬೀದಿಯಲ್ಲಿ ಕೊಡಗಳು ಸಾಲುಗಟ್ಟುತ್ತವೆ.

ನೀರಿನ ಒತ್ತಡವನ್ನು ಎಲ್ಲರೂ ಊಹಿಸಬಲ್ಲರು. ಊಹೆಗೆ ಸುಲಭವಾಗಿ ಎಟುಕದ ಇನ್ನೊಂದು ಬಲವೂ ಕೊಳವೆಯ ಮೈಯಲ್ಲಿ ಅಡಗಿರುತ್ತದೆ. ಹಳ್ಳಿಯ ಕಮ್ಮಾರನು ಎತ್ತಿನ ಗಾಡಿಯ ಚಕ್ರಕ್ಕೆ ಕಬ್ಬಿಣದ ಪಟ್ಟಿ ತೊಡಿಸುವುದನ್ನು ಕಂಡವರಿಗೆ ಇದರ ಪರಿಚಯ ಇದ್ದೇ ಇದೆ. ಆತನು ಪಟ್ಟಿಯನ್ನು ಬೆಂಕಿಯಲ್ಲಿ ಕಾಯಿಸಿ ಹಿಗ್ಗಿಸುತ್ತಾನೆ; ಮರದ ಚಕ್ರಕ್ಕೆ ತೊಡಿಸಿ ನೀರು ಹೊಯ್ಯುತ್ತಾನೆ. ಪಟ್ಟಿ ಕುಗ್ಗಿ ಮರವನ್ನು ಬಿಗಿದಪ್ಪುತ್ತದೆ. ಕಮ್ಮಾರನಿಗೆ ಮಿತ್ರನಾದ ಈ ಗುಣವೇ ಇಂಜಿನಿಯರಿಗೆ ಶತ್ರು.

ಒಂದು ಗೇಣಿನ ಲೆಕ್ಕ

ಒಂದು ಕಿಲೋಮೀಟರು ಉದ್ದದ ಉಕ್ಕಿನ ಕೊಳವೆಯು ಒಂದು ಡಿಗ್ರಿ ಸೆಂಟಿಗ್ರೇಡು ಬಿಸಿಯೇರಿದರೆ ಸುಮಾರು 12 ಮಿಲಿಮೀಟರು ಹಿಗ್ಗುತ್ತದೆ. ತಣಿದರೆ ಅಷ್ಟೇ ಕುಗ್ಗುತ್ತದೆ. ಚೈತ್ರದ ನಡುಹಗಲಿನಲ್ಲಿ, ಉಕ್ಕು 45 ಡಿಗ್ರಿಗೆ ಕಾದಿರುವಾಗ, ಕೊನೆಯ ಬೆಸುಗೆ ಹಾಕಿ ಮಣ್ಣು ಮುಚ್ಚಿದರೆಂದು ಭಾವಿಸೋಣ. ಬಳಿಕ ಅದರೊಳಗೆ 22 ಡಿಗ್ರಿಯ ನೀರು ಹರಿಯುತ್ತದೆ. ಕಿಲೋಮೀಟರಿಗೆ 27 ಸೆಂಟಿಮೀಟರಿಗಿಂತ ಹೆಚ್ಚು, ಅಂದರೆ ಒಂದು ಗೇಣಿಗೂ ಮೀರಿ, ಕೊಳವೆಯು ಕುಗ್ಗಲು ಬಯಸುತ್ತದೆ. ಆದರೆ ಮಣ್ಣು ಅದನ್ನು ಹಿಡಿದುಕೊಂಡಿದೆ. ಕುಗ್ಗಲಾರದ ಕೊಳವೆಯು ಬಿಗಿದ ವೀಣೆಯ ತಂತಿಯಂತಾಗುತ್ತದೆ.

ಕೊಳವೆಯು ಒಂದು ಮೀಟರು ಅಡ್ಡಳತೆಯದಾಗಿದ್ದು, ಅದರ ಉಕ್ಕು 10 ಮಿಲಿಮೀಟರು ದಪ್ಪವಿದ್ದರೆ, ಈ ಎಳೆತವು ಸುಮಾರು 175 ಟನ್ನು! ಹತ್ತು ಟನ್ನು ಹೇರಿದ ಹದಿನೇಳು ಲಾರಿಗಳ ಭಾರಕ್ಕೂ ಇದು ಹೆಚ್ಚು. ನೆಟ್ಟಗಿರುವ ಒಳ್ಳೆಯ ಉಕ್ಕಿಗೆ ಇದು ಸಹಿಸಲಾಗದ ಹೊರೆಯೇನೂ ಅಲ್ಲ. ಆದರೆ ಎಲ್ಲ ಕೊಳವೆಯೂ ನೆಟ್ಟಗಿರುವುದಿಲ್ಲ. ತಿರುವಿನಲ್ಲಿ, ಕವಾಟದ ಬಳಿ, ಸರಿಯಾಗಿ ಕೂಡದ ಬೆಸುಗೆಯಲ್ಲಿ ಈ ಬಲವು ತನ್ನ ದಾರಿಯನ್ನು ಹುಡುಕುತ್ತದೆ.

ಹಿಂದಿನ ಬೀಡುಕಬ್ಬಿಣದ ಕೊಳವೆಗಳಿಗೆ ಈ ತೊಂದರೆ ಇಷ್ಟಿರಲಿಲ್ಲ. ಗಿಡ್ಡ ತುಂಡುಗಳನ್ನು ಒಂದರ ಬಾಯಿಗೆ ಇನ್ನೊಂದನ್ನು ತೂರಿಸಿ, ಸಂದಿಗೆ ಸೀಸ ತುಂಬುತ್ತಿದ್ದರು. ಒಂದೊಂದು ಕೀಲೂ ಕೂದಲೆಳೆಯಷ್ಟು ಸರಿದು ಬಲವನ್ನು ಹಂಚಿಕೊಳ್ಳುತ್ತಿತ್ತು. ಉದ್ದಕ್ಕೂ ಬೆಸೆದ ಉಕ್ಕಿಗೆ ಆ ಸೌಕರ್ಯವಿಲ್ಲ.

ಹಳಿಗೆ ಬಿಸಿಲಿನ ಭಯ

ಬೆಂಗಳೂರಿಗೆ ಹೋಗುವ ರೈಲು ಓಡುವ ಹಳಿಗೂ ಇದೇ ಧರ್ಮ. ಆದರೆ ಅಲ್ಲಿನ ಭಯ ಬೇರೆ. ಬಿಸಿಲಿಗೆ ಹಿಗ್ಗಿ ಬಾಗಿದ ಹಳಿಯು ರೈಲನ್ನೇ ಉರುಳಿಸಬಲ್ಲದು. ಆದುದರಿಂದ ಬೆಸೆದ ಉದ್ದ ಹಳಿಗಳನ್ನು ಸರಾಸರಿ ಉಷ್ಣಮಾನಕ್ಕಿಂತ ಕೆಲವು ಡಿಗ್ರಿ ಹೆಚ್ಚಿರುವಾಗಲೇ ಬಿಗಿಯುತ್ತಾರೆ. ಹೂಳಿದ ನೀರಿನ ಕೊಳವೆಗಾದರೋ ತಂಪೇ ಹೆಚ್ಚಿನ ಭಯ. ಅದನ್ನು ತಂಪಿನಲ್ಲಿಯೇ ಕೂಡಿಸಬೇಕು. ಒಂದೇ ಉಕ್ಕು, ಒಂದೇ ಊರು, ಮುಹೂರ್ತ ಮಾತ್ರ ಬೇರೆ.

ಹಾಗಾದರೆ ನಕ್ಷೆ ಬರೆಯುವ ಇಂಜಿನಿಯರು ಯಾವ ಉಷ್ಣಮಾನವನ್ನು ಹಿಡಿಯಬೇಕು? ಬೆಸುಗೆಗಾರನು ಪುಷ್ಯಮಾಸದ ಚಳಿಯಲ್ಲಿ ಬರುವನೋ, ವೈಶಾಖದ ಬಿಸಿಲಿನಲ್ಲಿ ಬರುವನೋ ಅವನಿಗೆ ತಿಳಿಯದು. ಇಂದು ಈ ಲೆಕ್ಕವನ್ನು ಮಾಡುವುದು ಕಂಪ್ಯೂಟರು. ಬೇರೆ ಅಂಕಿ ಕೊಡದಿದ್ದರೆ, ಪರದೇಶದ ರೂಢಿಯಂತೆ 70 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 21 ಡಿಗ್ರಿ ಸೆಂಟಿಗ್ರೇಡನ್ನು ತಾನೇ ಹಿಡಿದುಕೊಳ್ಳುವ ವಿಧಾನಗಳೂ ಇವೆ. ಮೈಸೂರಿನ ಮುಂಜಾವಿಗೆ ಅದು ಒಪ್ಪೀತು. ಬಿಸಿಲಿನಲ್ಲಿ ಬಿದ್ದ ಉಕ್ಕಿಗೆ ಒಪ್ಪದು. 45 ಡಿಗ್ರಿಯಲ್ಲಿ ಬೆಸೆದ ಕೊಳವೆಗೆ 21ರ ಲೆಕ್ಕ ಹಾಕಿದರೆ, ಆ 175 ಟನ್ನು ಕಾಗದದ ಮೇಲೆ ಕಾಣಿಸುವುದೇ ಇಲ್ಲ. ಕಾಗದದಲ್ಲಿ ಕಾಣದ ಬಲ ನೆಲದೊಳಗೆ ಕಾದು ಕುಳಿತಿರುತ್ತದೆ.

ವಿವೇಕಿಯಾದ ಇಂಜಿನಿಯರು ಒಂದೇ ಅಂಕಿಯನ್ನು ನಂಬುವುದಿಲ್ಲ. ಎಳೆತವನ್ನು ಎಣಿಸುವಾಗ, ಬೆಸುಗೆ ಅತಿ ಬಿಸಿಯ ಹೊತ್ತಿನಲ್ಲಿ ನಡೆಯಿತೆಂದು ಹಿಡಿಯುತ್ತಾನೆ. ಹಿಗ್ಗಿನ ಒತ್ತಡವನ್ನು ಎಣಿಸುವಾಗ, ಅತಿ ತಂಪಿನಲ್ಲಿ ನಡೆಯಿತೆಂದು ಹಿಡಿಯುತ್ತಾನೆ. ದುರಸ್ತಿಗಾಗಿ ನೀರು ಬಸಿದ ಕೊಳವೆಯು ನೆಲದ ಮೇಲೆ ಬಿಸಿಲಿಗೆ ಮೈಯೊಡ್ಡಿರುವಾಗ ಈ ಎರಡನೆಯ ಲೆಕ್ಕವೇ ಕೊಳವೆಯನ್ನು ಕಾಯುವುದು. ಎರಡೂ ಕೊನೆಗಳಲ್ಲಿ ಕೊಳವೆ ಕ್ಷೇಮವಾಗಿದ್ದರೆ ಸರಿ. ಇಲ್ಲದಿದ್ದರೆ ಬೆಸುಗೆಯ ಉಷ್ಣಮಾನಕ್ಕೆ ಮೇರೆಯನ್ನು ಗೊತ್ತುಮಾಡಿ ನಕ್ಷೆಯ ಮೇಲೆಯೇ ಬರೆಯುತ್ತಾನೆ. ಅಳೆಯಬೇಕಾದುದು ಗಾಳಿಯನ್ನಲ್ಲ, ಉಕ್ಕನ್ನು. ಹವಾ ವರದಿ 34 ಎಂದ ದಿನ ಬಿಸಿಲಿನ ಉಕ್ಕು 50ನ್ನು ಮುಟ್ಟಿರಬಹುದು.

ಕೆಲಸದ ಸ್ಥಳದಲ್ಲಿ ಉಪಾಯ ಸರಳ. ನೂರಿನ್ನೂರು ಮೀಟರಿಗೆ ಒಂದರಂತೆ ಒಂದೊಂದು ಕೀಲನ್ನು ಬೆಸೆಯದೆ ಬಿಟ್ಟು, ಉಳಿದ ಭಾಗಕ್ಕೆ ಮಣ್ಣು ಮುಚ್ಚುತ್ತಾರೆ. ಬಿಟ್ಟ ಕೀಲನ್ನು ದಿನದ ಅತ್ಯಂತ ತಂಪಾದ ಹೊತ್ತಿನಲ್ಲಿ ಬೆಸೆಯುತ್ತಾರೆ. ಆ ಘಳಿಗೆಯ ಉಷ್ಣಮಾನವನ್ನು ಉಕ್ಕು ತನ್ನ ಆಯುಷ್ಯವಿಡೀ ಮರೆಯುವುದಿಲ್ಲ.

ಬೆಳಗಿನ ಝಾವದಲ್ಲಿ ಯಾದವಗಿರಿಯ ಗೃಹಿಣಿಯು ನಲ್ಲಿ ತಿರುಗಿಸುತ್ತಾಳೆ, ಬಿಂದಿಗೆ ತುಂಬುತ್ತದೆ. ಅಂಥದೇ ಒಂದು ತಂಪಾದ ಝಾವದಲ್ಲಿ, ಉಕ್ಕಿನ ಮೈಮೇಲೆ ಕೈಯಿಟ್ಟು ನೋಡಿ, ಬಿಸಿಲೇರುವ ಮೊದಲೇ ಕೊನೆಯ ಕೀಲನ್ನು ಮುಚ್ಚಿದ ಬೆಸುಗೆಗಾರನ ಹೆಸರು ಆಕೆಗೆ ತಿಳಿಯದು. ತಿಳಿಯಬೇಕಾದ ಸಂದರ್ಭ ಬಾರದಿರುವುದೇ ಅವನ ಕೆಲಸಕ್ಕೆ ಸಲ್ಲುವ ಪ್ರಶಸ್ತಿ.