ಹಳೆಯ ಜೀಪು ಕೊಳ್ಳುವ ಮುನ್ನ ಕೆಳಗೆ ಮಲಗಿ ನೋಡಿ

ಹೈದರಾಬಾದ್: ಬೀದರ್, ಕಲಬುರಗಿ, ರಾಯಚೂರು ಕಡೆಯಿಂದ ಬಂದು ನಗರದಲ್ಲಿ ನೆಲೆಸಿರುವ ಹಿರಿಯ ಕನ್ನಡಿಗರ ಪೈಕಿ ಜೀಪಿನ ನೆನಪಿಲ್ಲದವರು ಅಪರೂಪ. 1952ರಲ್ಲಿ ಸಮುದಾಯ ಅಭಿವೃದ್ಧಿ ಯೋಜನೆ ಆರಂಭವಾದ ಮೇಲೆ ಊರಿಗೆ ಬ್ಲಾಕ್ ಅಧಿಕಾರಿ ಬಂದದ್ದು ಜೀಪಿನಲ್ಲಿ, ಚುನಾವಣೆಯ ಧ್ವನಿವರ್ಧಕ ಬಂದದ್ದು ಜೀಪಿನಲ್ಲಿ, ಎಷ್ಟೋ ಮನೆಗಳಲ್ಲಿ ಮದುಮಗ ಬಂದದ್ದೂ ಜೀಪಿನಲ್ಲೇ. ಆ ಜೀಪುಗಳನ್ನು ಈಗ ಅವರ ಮಕ್ಕಳು, ಅಳಿಯಂದಿರು ಹುಡುಕಿಕೊಂಡು ಹೊರಟಿದ್ದಾರೆ. ವಾರಾಂತ್ಯಕ್ಕೆ ವಿಕಾರಾಬಾದ್ ಬಳಿಯ ಅನಂತಗಿರಿ ಗುಡ್ಡಕ್ಕೆ ಹೋಗಬೇಕು, ಮಣ್ಣಿನ ದಾರಿಯಲ್ಲಿ ಓಡಿಸಬೇಕು ಎಂಬುದು ಅವರ ಆಸೆ. ಆಸೆಗೆ ತಕ್ಕಂತೆ ಮಾರುವವರೂ ಹೆಚ್ಚಿದ್ದಾರೆ.

ಕಾಚಿಗುಡ ಭಾಗದಲ್ಲಿ ಮೂರು ದಶಕಗಳಿಂದ ವಾಸವಾಗಿರುವ ಬೀದರ್ ಮೂಲದ ನಿವೃತ್ತ ನೌಕರರೊಬ್ಬರು ಇಂಥದೇ ಆಸೆಯಿಂದ ಇತ್ತೀಚೆಗೆ ಒಂದು ಮಹೀಂದ್ರ ಜೀಪು ನೋಡಲು ಜಹೀರಾಬಾದ್ ದಾರಿ ಹಿಡಿದರು. ಕೈಯಲ್ಲಿ ನಿವೃತ್ತಿಯ ಹಣದಿಂದ ಮುರಿಸಿದ ಒಂದು ಠೇವಣಿ, ಜತೆಗೆ ಅಕ್ಕನ ಮಗ. ಇಷ್ಟು ಹಳೆಯ ವಾಹನಕ್ಕೆ ಬ್ಯಾಂಕುಗಳು ಸಾಮಾನ್ಯವಾಗಿ ಸಾಲ ಕೊಡುವುದಿಲ್ಲವಾದ್ದರಿಂದ ಹೋದರೆ ಸ್ವಂತ ದುಡ್ಡೇ ಹೋಗಬೇಕು. ಅದನ್ನರಿತು ಅವರು ಪರಿಚಿತ ಮಿಸ್ತ್ರಿಯೊಬ್ಬರನ್ನು ದಿನಗೂಲಿ ಕೊಟ್ಟು ಕರೆದೊಯ್ದರು. ಇಡೀ ವ್ಯವಹಾರದಲ್ಲಿ ಅತ್ಯಂತ ಲಾಭದ ಖರ್ಚು ಇದೇ ಆಯಿತು.

ಜೀಪು ಹೊಸ ಬಣ್ಣದಿಂದ ಫಳಫಳ ಹೊಳೆಯುತ್ತಿತ್ತು. ಚಕ್ರಗಳು ದಪ್ಪ, ಮುಂದೆ ದೊಡ್ಡ ಬಂಪರ್. ‘ಗಾಡಿ ಛಲೋ ಅದ ಮಾಮಾ, ಬಯಾನಾ ಕೊಟ್ಟೇ ಬಿಡ್ರಿ’ ಎಂದು ಹುಡುಗ ಅವಸರ ಮಾಡಿದ. ಮಿಸ್ತ್ರಿ ಮಾತಾಡದೆ ಬಾನೆಟ್ ಮೇಲೆ ಅಂಗೈ ಇಟ್ಟರು. ಬೆಚ್ಚಗಿತ್ತು. ಇವರು ಬರುವ ಮೊದಲೇ ಎಂಜಿನ್ ಚಾಲೂ ಮಾಡಿ ಇಡಲಾಗಿತ್ತು.

ಇದು ಹಳೆಯ ಉಪಾಯ. ಹಳೆಯ ಡೀಸೆಲ್ ಎಂಜಿನ್ನಿನ ನಿಜ ಸ್ಥಿತಿ ತಿಳಿಯುವುದು ಅದು ರಾತ್ರಿಯೆಲ್ಲ ತಣ್ಣಗಿದ್ದು ಬೆಳಿಗ್ಗೆ ಮೊದಲ ಸಲ ಎದ್ದಾಗ. ಎಷ್ಟು ಹೊತ್ತು ಎಳೆದಾಡಿತು, ಯಾವ ಬಣ್ಣದ ಹೊಗೆ ಬಂತು ಎಂಬುದನ್ನು ಆಗಲೇ ನೋಡಬೇಕು. ನೀಲಿ ಹೊಗೆ ಬಂದರೆ ಎಂಜಿನ್ ಆಯಿಲ್ ಉರಿಯುತ್ತಿದೆ ಎಂದರ್ಥ. ಕಪ್ಪು ಹೊಗೆಗೆ ಗಾಳಿಯ ಫಿಲ್ಟರ್ ಕಟ್ಟಿರುವುದೋ ಪಂಪು ಹೆಚ್ಚು ಡೀಸೆಲ್ ಬಿಡುತ್ತಿರುವುದೋ ಕಾರಣವಿರಬಹುದು. ಬಿಳಿ ಹೊಗೆ ಬಿಸಿಯಾದ ಮೇಲೂ ನಿಲ್ಲದಿದ್ದರೆ ಇಂಜೆಕ್ಟರ್, ಕಂಪ್ರೆಶನ್, ಹೆಡ್ ಗ್ಯಾಸ್ಕೆಟ್‌ಗಳ ಮೇಲೆ ಅನುಮಾನ ಪಡಬೇಕು. ಎಂಜಿನ್ ಓಡುತ್ತಿರುವಾಗ ಆಯಿಲ್ ಸುರಿಯುವ ಮುಚ್ಚಳ ತೆರೆದರೆ ರಭಸದಿಂದ ಹೊಗೆ ಉಗುಳುವ ಎಂಜಿನ್ನಿನ ರಿಂಗ್, ಪಿಸ್ಟನ್‌ಗಳು ಸವೆದಿರುತ್ತವೆ. ರೇಡಿಯೇಟರ್ ನೀರಿನ ಮೇಲೆ ಜಿಡ್ಡು ತೇಲುತ್ತಿದ್ದರೆ ಅದೂ ಕೆಟ್ಟ ಲಕ್ಷಣ. ಇದನ್ನು ಎಂಜಿನ್ ತಣ್ಣಗಿರುವಾಗಲೇ ನೋಡಬೇಕು, ಬಿಸಿ ರೇಡಿಯೇಟರಿನ ಮುಚ್ಚಳ ತೆಗೆದು ಮುಖ ಸುಟ್ಟುಕೊಂಡವರಿದ್ದಾರೆ.

ಆದರೂ ಎಂಜಿನ್ ದೊಡ್ಡ ಚಿಂತೆಯಲ್ಲ. ಮಹೀಂದ್ರ ಕಂಪನಿ ಸ್ವಾತಂತ್ರ್ಯ ಬಂದ ಹೊಸದರಲ್ಲೇ ಅಮೆರಿಕದ ವಿಲ್ಲೀಸ್ ಜೀಪುಗಳ ಜೋಡಣೆ ಆರಂಭಿಸಿತು. ಎತ್ತರದ ಬಾನೆಟ್ಟಿನ ಸಿಜೆ 3ಬಿ ಮಾದರಿ ಇಲ್ಲಿ ದಶಕಗಳ ಕಾಲ ತಯಾರಾಯಿತು. ನಂತರ ಪೆಜೋ ಡೀಸೆಲ್ ಎಂಜಿನ್ನಿನ ಎಂಎಂ 540 ಮುಂತಾದವು ಬಂದವು. ಇಷ್ಟು ಕಾಲ, ಇಷ್ಟು ಸಂಖ್ಯೆಯಲ್ಲಿ ಓಡಿದ ಗಾಡಿಗಳಾದ್ದರಿಂದ ಸಿಕಂದರಾಬಾದಿನ ರಾಣಿಗಂಜ್‌ನಂಥ ಕಡೆ ಹುಡುಕಿದರೆ ಬಿಡಿಭಾಗ ಸಿಗುತ್ತವೆ, ಕೈಪಳಗಿದ ಮಿಸ್ತ್ರಿಗಳೂ ಇದ್ದಾರೆ. ಎಂಜಿನ್ ಬಿಚ್ಚಿ ಕಟ್ಟಬಹುದು. ಚಾಸಿ ಹೋದರೆ ಜೀಪೇ ಹೋದಂತೆ.

ಹಾಗಾಗಿ ಮಿಸ್ತ್ರಿ ಗೋಣಿಚೀಲ ಹಾಸಿ ಕೆಳಗೆ ಮಲಗಿದರು. ಅಡಿಭಾಗಕ್ಕೆಲ್ಲ ಹೊಸದಾಗಿ ಕಪ್ಪು ಬಣ್ಣ ಬಳಿಯಲಾಗಿತ್ತು. ಹಳೆಯ ಗಾಡಿಯ ಹೊಟ್ಟೆಗೆ ಹೊಸ ಬಣ್ಣ ಯಾರೂ ಸುಮ್ಮನೆ ಬಳಿಯುವುದಿಲ್ಲ. ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟುತ್ತ ಹೋದಾಗ ಒಂದೆಡೆ ಟಣ್ ಎನ್ನುವ ಬದಲು ಬದ್ದು ಶಬ್ದ ಬಂತು. ಲೀಫ್ ಸ್ಪ್ರಿಂಗ್ ಪಟ್ಟಿಗಳು ಚಾಸಿಗೆ ಸೇರುವ ಜಾಗದಲ್ಲಿ ತುಕ್ಕು ತಿಂದ ಭಾಗಕ್ಕೆ ತಗಡು ಬೆಸೆದು ಮುಚ್ಚಲಾಗಿತ್ತು. ಗುಡ್ಡದ ಇಳಿಜಾರಿನಲ್ಲಿ ಭಾರವೆಲ್ಲ ಬೀಳುವುದು ಅದೇ ಜಾಗದ ಮೇಲೆ. ಬಾಡಿಯ ಮೇಲೆ ಅಯಸ್ಕಾಂತ ಹಿಡಿದಾಗ ಎರಡು ಕಡೆ ಅಂಟಲಿಲ್ಲ, ಒಳಗಿದ್ದದ್ದು ಪುಟ್ಟಿ. ಮಾಲೀಕರಿಗೆ ನಮಸ್ಕಾರ ಹೇಳಿ ಮೂವರೂ ಹೊರಟರು. ಹುಡುಗನ ಮುಖ ಸಪ್ಪೆಯಾಗಿತ್ತು.

ಎರಡನೆಯದು ಬೀದರ್ ಸಮೀಪದ ತೋಟವೊಂದರಲ್ಲಿದ್ದ 1994ರ ಕೆಎ 38 ನೋಂದಣಿಯ ಎಂಎಂ 540. ಬಣ್ಣ ಮಾಸಿತ್ತು, ಸೀಟು ಹರಿದಿತ್ತು, ಚಾಸಿ ಮಾತ್ರ ಮೂಲದ್ದೇ. ಇಲ್ಲಿ ಪರೀಕ್ಷೆಗೊಳಗಾದದ್ದು ನಾಲ್ಕು ಚಕ್ರಗಳ ಚಾಲನೆ. ಜೀಪಿನ ಆಕಾರವಿದ್ದ ಮಾತ್ರಕ್ಕೆ ನಾಲ್ಕೂ ಚಕ್ರಗಳಿಗೆ ಶಕ್ತಿ ಹೋಗುತ್ತದೆ ಎಂದು ನಂಬುವಂತಿಲ್ಲ. ಕಮಾಂಡರ್, ಮೇಜರ್‌ಗಳಲ್ಲಿ ಬಹಳಷ್ಟು ಹಿಂದಿನ ಎರಡೇ ಚಕ್ರಗಳ ಗಾಡಿಗಳು. ನಿಜವಾಗಿಯೂ ನಾಲ್ಕು ಚಕ್ರದ್ದಾಗಿದ್ದರೂ ಡೀಸೆಲ್ ಉಳಿಸಲೆಂದು ಮುಂದಿನ ಶಾಫ್ಟ್ ಬಿಚ್ಚಿ ಮೂಲೆಗೆಸೆದ ರೈತರುಂಟು. ಪರೀಕ್ಷೆಯನ್ನು ಡಾಂಬರು ರಸ್ತೆಯಲ್ಲಿ ಮಾಡಬಾರದು. ಈ ಜೀಪುಗಳಲ್ಲಿ ಹಿಂದುಮುಂದಿನ ಆಕ್ಸಲ್‌ಗಳ ವೇಗದ ವ್ಯತ್ಯಾಸ ಸರಿದೂಗಿಸುವ ಏರ್ಪಾಡಿಲ್ಲದ ಕಾರಣ ಗಟ್ಟಿ ನೆಲದಲ್ಲಿ ತಿರುಗಿಸಿದರೆ ಗೇರುಗಳು ಬಿಗಿದುಕೊಳ್ಳುತ್ತವೆ. ಉತ್ತ ಹೊಲದಲ್ಲಿ, ಲೋ ಗೇರಿನಲ್ಲಿ ನಿಧಾನವಾಗಿ ಓಡಿಸಿ, ಮುಂದಿನ ಚಕ್ರಗಳೂ ಮಣ್ಣು ಕೆದರುತ್ತಿವೆಯೇ ಎಂದು ಹೊರಗೆ ನಿಂತವರು ನೋಡಬೇಕು. ಈ ಜೀಪು ಕೆದರಿತು. ಸ್ಟಿಯರಿಂಗಿನಲ್ಲಿ ಆಟ ಹೆಚ್ಚಿತ್ತು, ಬ್ರೇಕು ಎಡಕ್ಕೆ ಎಳೆಯುತ್ತಿತ್ತು. ಎರಡೂ ರಿಪೇರಿಯಾಗುವಂಥವು. ಮೀಟರಿನ ಕಿಲೋಮೀಟರ್ ಅಂಕಿಯತ್ತ ಯಾರೂ ತಿರುಗಿಯೂ ನೋಡಲಿಲ್ಲ. ಮೂವತ್ತು ವರ್ಷದ ಜೀಪಿನಲ್ಲಿ ಅದಕ್ಕೆ ಅರ್ಥವೂ ಇಲ್ಲ.

ಮಾರುತಿ ಜಿಪ್ಸಿ ಹುಡುಕುವವರೂ ನಗರದಲ್ಲಿ ಕಡಿಮೆಯೇನಿಲ್ಲ. 1985ರಲ್ಲಿ ಬಂದ ಈ ಪೆಟ್ರೋಲ್ ಗಾಡಿಯ ಸಾರ್ವಜನಿಕ ಮಾರಾಟ 2019ರ ಹೊತ್ತಿಗೆ ನಿಂತಿತು. ಸೇನೆಯ ಹರಾಜಿನದ್ದು ಎಂದು ಹೇಳಿ ಮಾರುವ ಜಿಪ್ಸಿಗೆ ಹರಾಜಿನ ಮೂಲ ಪತ್ರಗಳಿಲ್ಲದಿದ್ದರೆ ಅದು ಅಂಗಳದ ಅಲಂಕಾರವಷ್ಟೇ.

ಕಾಗದಪತ್ರದಲ್ಲೇ ಹೆಚ್ಚು ಮಂದಿ ಎಡವುವುದು. ಚಾಸಿ ಮೇಲೆ ಒತ್ತಿರುವ ಸಂಖ್ಯೆಯನ್ನೂ ಎಂಜಿನ್ ಸಂಖ್ಯೆಯನ್ನೂ ಆರ್‌ಸಿಯೊಂದಿಗೆ ಅಕ್ಷರಕ್ಕಕ್ಷರ ಹೋಲಿಸಬೇಕು. ಬೇರೆ ಎಂಜಿನ್ ಕೂರಿಸಿದ್ದು ದಾಖಲಾಗಿರದಿದ್ದರೆ ಆ ಗಾಡಿಯ ಸಹವಾಸ ಬೇಡ. ತಯಾರಕರ ಮೂಲ ವಿನ್ಯಾಸ ಬದಲಿಸುವಂತಿಲ್ಲವೆಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ತೀರ್ಪಿತ್ತಿದೆ. ಖಾಸಗಿ ವಾಹನದ ನೋಂದಣಿ 15 ವರ್ಷಕ್ಕೆ ಮುಗಿದು, ಅನಂತರ ಐದೈದು ವರ್ಷಕ್ಕೆ ನವೀಕರಣವಾಗಬೇಕು. 20 ವರ್ಷ ದಾಟಿದ ಲಘು ವಾಹನಗಳ ನವೀಕರಣ ಶುಲ್ಕ 2025ರಲ್ಲಿ 10,000 ರೂ.ಗೆ ಏರಿದೆ. ಕರ್ನಾಟಕದ ಗಾಡಿಯನ್ನು ಹನ್ನೆರಡು ತಿಂಗಳಿಗಿಂತ ಹೆಚ್ಚು ಇಲ್ಲಿಟ್ಟರೆ ತೆಲಂಗಾಣದ ನೋಂದಣಿ ಸಂಖ್ಯೆ ಪಡೆಯಬೇಕು. ಅದಕ್ಕೆ ಅಲ್ಲಿನ ಆರ್‌ಟಿಒ ನಿರಾಕ್ಷೇಪಣಾ ಪತ್ರ ಬೇಕು, ಇಲ್ಲಿ ತೆರಿಗೆಯೂ ಉಂಟು. ಇವನ್ನೆಲ್ಲ ಬೆಲೆಯೊಳಗೇ ಲೆಕ್ಕ ಹಾಕಿ ಚೌಕಾಸಿ ಮಾಡುವುದು ಜಾಣತನ. ಎರಡು ಲಕ್ಷ ರೂ. ಅಥವಾ ಅದಕ್ಕೂ ಹೆಚ್ಚು ಮೊತ್ತವನ್ನು ನಗದಾಗಿ ಪಡೆಯುವುದನ್ನು 2017ರಿಂದ ಆದಾಯ ತೆರಿಗೆ ಕಾಯ್ದೆ ನಿಷೇಧಿಸಿದೆಯಾದ್ದರಿಂದ ಹಣವನ್ನು ಖಾತೆಯ ಮೂಲಕವೇ ಕೊಡಬೇಕು.

ಮಾರುವವರಿಗೂ ಒಂದು ಮಾತು ಅಗತ್ಯ. ಗಾಡಿ ಕೊಟ್ಟು ಹೆಸರು ಬದಲಾಯಿಸದೆ ಬಿಟ್ಟರೆ, ಅಪಘಾತವಾದಾಗ ಪರಿಹಾರದ ಹೊಣೆ ಆರ್‌ಸಿಯಲ್ಲಿ ಹೆಸರಿದ್ದವರದ್ದೇ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ.

ತೋಟದ ಜೀಪಿನ ಆರ್‌ಸಿ ತೆರೆದಾಗ ಎರಡು ಸಂಗತಿ ಕಂಡವು. ನವೀಕರಣದ ಅವಧಿ 2024ಕ್ಕೇ ಮುಗಿದಿತ್ತು. ಅದಕ್ಕಿಂತ ಮುಖ್ಯವಾಗಿ, ಒಂದು ಸಹಕಾರಿ ಬ್ಯಾಂಕಿನ ಹೆಸರಿನಲ್ಲಿ ಸಾಲದ ಅಡಮಾನ ಇನ್ನೂ ದಾಖಲಾಗಿತ್ತು. ‘ಸಾಲ ನಮ್ಮಪ್ಪನ ಕಾಲದಾಗೇ ತೀರೇದರಿ’ ಎಂದರು ಮಾಲೀಕರು. ತೀರಿರಲೂಬಹುದು. ಆದರೆ ಬ್ಯಾಂಕಿನ ಸಾಲ ತೀರಿದ ಪತ್ರ ಮತ್ತು ಬ್ಯಾಂಕಿನ ಸಹಿಯುಳ್ಳ ಫಾರಂ 35 ಇಲ್ಲದೆ ಆ ದಾಖಲೆ ಅಳಿಯದು. ಅದು ಅಳಿಯದೆ ಹೆಸರು ಬದಲಾವಣೆ ಸುಗಮವಾಗದು.

‘ಗಾಡಿ ನನಗ ಬೇಕ್ರಿ, ಆದ್ರ ಕಾಗದ ಬಂದ ಮ್ಯಾಲೇ ರೊಕ್ಕ’ ಎಂದು ನಿವೃತ್ತರು ಹೇಳಿ ಬಂದರು. ಬಯಾನಾ ಕೂಡ ಕೊಡಲಿಲ್ಲ. ಬ್ಯಾಂಕಿನವರು ಹಳೆಯ ಲೆಡ್ಜರ್ ಹುಡುಕುತ್ತಿದ್ದಾರೆಂದು ಮಾಲೀಕರಿಂದ ಮೊನ್ನೆ ಫೋನ್ ಬಂದಿದೆ. ಅಳಿಯ ಮಾತ್ರ ಆಗಲೇ ಸೀಟಿಗೆ ರೆಕ್ಸಿನ್ ಬಣ್ಣ ಆರಿಸಿಟ್ಟಿದ್ದಾನೆ.