ಗೋಲು ಬೇರೆ, ಗುರಿ ಬೇರೆ

2023ರ ಮಾರ್ಚ್ ತಿಂಗಳಲ್ಲಿ ಭಕ್ತರೊಬ್ಬರ ಆಹ್ವಾನದ ಮೇರೆಗೆ ನಾವು ಕುಮಟೆಗೆ ಹೋಗಬೇಕಾಗಿ ಬಂದಿತು. ಕರಾವಳಿಯ ದಾರಿಯನ್ನು ಕಣ್ತುಂಬ ಕಾಣುವ ಆಸೆಯಿಂದ, ಭಟ್ಕಳದಲ್ಲಿ ಒಂದು ರಾತ್ರಿ ತಂಗಿ, ಹೊನ್ನಾವರದ ಮೇಲೆ ಹಾದು ಕುಮಟೆಯನ್ನು ಸೇರುವುದೆಂದು ನಿಶ್ಚಯಿಸಿದೆವು. ಒಂದು ಚಿಕ್ಕ ಇಂಗ್ಲಿಷ್ ಪದ ಆ ದಾರಿಯುದ್ದಕ್ಕೂ ನಮ್ಮ ಜೊತೆಗೇ ಬಂದೀತೆಂದು ಮಾತ್ರ ನಾವು ಎಣಿಸಿರಲಿಲ್ಲ.

ಭಟ್ಕಳದ ಪೇಟೆಯಲ್ಲಿ ಒಂದು ಪಾಗಾರದ ಮೇಲೆ ಎರಡು ಭಿತ್ತಿಪತ್ರಗಳು ಒಂದಕ್ಕೊಂದು ತಾಗಿ ಅಂಟಿಕೊಂಡಿದ್ದವು. ಒಂದು ಕಾಲ್ಚೆಂಡಿನ ಪಂದ್ಯಾವಳಿಯದು. ಬಲೆಯೊಳಗೆ ಚೆಂಡು ಸಿಕ್ಕಿಬಿದ್ದ ಚಿತ್ರ, ಅದರ ಕೆಳಗೆ ದಪ್ಪಕ್ಷರದಲ್ಲಿ ‘ಗೋಲ್!’ ಎಂಬ ಉದ್ಗಾರ. ಇನ್ನೊಂದು ಮನೆಪಾಠದ ತರಗತಿಯದು. ‘ನಿಮ್ಮ ಗೋಲ್ ಯಾವುದು? ತಲುಪಿಸುವ ಹೊಣೆ ನಮ್ಮದು’ ಎಂಬ ಆಶ್ವಾಸನೆ. ಮೈದಾನದ ಗೋಲೂ ಬದುಕಿನ ಗೋಲೂ ಒಂದೇ ಗೋಡೆಯ ಮೇಲೆ ಹೆಗಲಿಗೆ ಹೆಗಲು ಕೊಟ್ಟು ನಿಂತಿದ್ದವು. ಇವೆರಡೂ ಒಂದೇ ಹೌದೆ ಎಂಬ ಪ್ರಶ್ನೆ ನಮ್ಮಲ್ಲಿ ಹುಟ್ಟಿದ್ದು ಆಗಲೇ.

ಆ ರಾತ್ರಿ ಊಟದ ತರುವಾಯ, ನಮ್ಮನ್ನು ಕಾಣಲು ಬಂದಿದ್ದ ನಿವೃತ್ತ ಶಿಕ್ಷಕರೊಬ್ಬರ ಮುಂದೆ ಈ ಸಂಗತಿಯನ್ನು ಎತ್ತಿದೆವು. ಭಟ್ಕಳವೆಂದರೆ ಕನ್ನಡ, ಕೊಂಕಣಿ, ನವಾಯತಿ, ಉರ್ದು ಎಲ್ಲವೂ ಒಂದೇ ಬೀದಿಯಲ್ಲಿ ಕಿವಿಗೆ ಬೀಳುವ ಊರು. ಅವರು ನಕ್ಕು ಹೇಳಿದರು: “ಉರ್ದುವಿನಲ್ಲಿ ಗುಂಡು ಹೊಡೆಯಲು ಇಡುವುದು ನಿಶಾನಾ, ನಡೆದು ಸೇರುವುದು ಮಂಜಿಲ್, ಮನಸ್ಸಿನಲ್ಲಿ ಇಟ್ಟುಕೊಳ್ಳುವುದು ಮಕ್ಸದ್. ಮೂರಕ್ಕೂ ಮೂರು ಮಾತು ಇವೆ, ಬುದ್ಧಿಯವರೇ. ಇಂಗ್ಲಿಷಿನವರು ಮೂರನ್ನೂ ಒಂದೇ ಚೀಲಕ್ಕೆ ಹಾಕಿದ್ದಾರೆ.”

ಮಾತಿನ ಮೂಲ

ಆ ಚೀಲವನ್ನು ಸ್ವಲ್ಪ ಬಿಚ್ಚಿ ನೋಡೋಣ. ಇಂಗ್ಲಿಷಿನ ಈ ಪದಕ್ಕೆ ಖಚಿತವಾದ ಮೂಲವನ್ನು ಅಲ್ಲಿನ ನಿಘಂಟುಕಾರರೂ ಹೇಳಲಾರರು. 14ನೆಯ ಶತಮಾನದಲ್ಲಿ ಎಲ್ಲೆ, ಗಡಿ ಎಂಬ ಅರ್ಥದಲ್ಲಿ ಇದರ ಹಳೆಯ ರೂಪವೊಂದು ಕಾಣಿಸುತ್ತದೆ. 16ನೆಯ ಶತಮಾನಕ್ಕೆ ಬಂದರೆ ಓಟದ ಪಂದ್ಯ ಮುಗಿಯುವ ಸ್ಥಳಕ್ಕೆ, ಚೆಂಡಾಟದಲ್ಲಿ ಚೆಂಡನ್ನು ದಾಟಿಸಬೇಕಾದ ಸ್ಥಳಕ್ಕೆ ಈ ಹೆಸರು ಸಲ್ಲುತ್ತದೆ. ಅದೇ ಶತಮಾನದಲ್ಲಿ ಮನುಷ್ಯಪ್ರಯತ್ನದ ಕೊನೆಗೂ ಅದೇ ಪದ ಅಂಟಿಕೊಳ್ಳುತ್ತದೆ. ಹೀಗೆ ಆಟದಿಂದ ಬದುಕಿಗೆ ಬಂದ ಮಾತು ಇದು.

ನಮ್ಮ ನುಡಿಯಲ್ಲಿ ಹಾಗಾಗಲಿಲ್ಲ. ಚೆಂಡು ಬಲೆಗೆ ಬಿದ್ದಾಗ ಕನ್ನಡಿಗರು ‘ಗೋಲು’ ಎಂದು ಕೂಗುತ್ತಾರೆ. ಬದುಕಿನ ಮಾತು ಬಂದಾಗ ‘ಗುರಿ’ ಎನ್ನುತ್ತಾರೆ. 2015ರಲ್ಲಿ ವಿಶ್ವಸಂಸ್ಥೆಯು 2030ರೊಳಗೆ ಸಾಧಿಸಬೇಕೆಂದು 17 ಸಂಕಲ್ಪಗಳನ್ನು ಅಂಗೀಕರಿಸಿದಾಗ ಇಂಗ್ಲಿಷಿನಲ್ಲಿ ಅವುಗಳಿಗೆ ಇದೇ ಪದವನ್ನು ಬಳಸಲಾಯಿತು. ಕನ್ನಡದಲ್ಲಿ ಅವು ‘ಸುಸ್ಥಿರ ಅಭಿವೃದ್ಧಿ ಗುರಿಗಳು’ ಆದವು. ‘ಗೋಲುಗಳು’ ಎಂದು ಬರೆದಿದ್ದರೆ ಓದಿದವರು ನಗುತ್ತಿದ್ದರು. ನುಡಿ ಇಟ್ಟುಕೊಂಡಿರುವ ಈ ಅಂತರದಲ್ಲಿ ಒಂದು ವಿವೇಕವಿದೆ.

ಗೋಲು ಎಂಬುದು ಮುಗಿದ ಮೇಲೆ ಎಣಿಸುವಂಥದು. ಗುರಿ ಎಂಬುದು ತೊಡಗುವ ಮೊದಲು ನೋಡುವಂಥದು. ನಮ್ಮವರು ಸಂಸ್ಕೃತದಿಂದ ಪಡೆದ ಮಾತುಗಳೂ ಇದನ್ನೇ ಹೇಳುತ್ತವೆ. ನೋಡತಕ್ಕದ್ದು, ಗುರುತಿಸತಕ್ಕದ್ದು ‘ಲಕ್ಷ್ಯ’. ಧ್ಯಾನಿಸತಕ್ಕದ್ದು ‘ಧ್ಯೇಯ’. ಅದರಲ್ಲಿಯೂ ‘ಲಕ್ಷ್ಯ’ವೆಂಬ ಮಾತಿಗೆ ಕನ್ನಡದಲ್ಲಿ ಗಮನವೆಂಬ ಅರ್ಥವೂ ಇದೆ. ‘ಲಕ್ಷ್ಯವಿಟ್ಟು ಕೇಳು’ ಎಂದು ತಾಯಿ ಮಗುವಿಗೆ ಹೇಳುವಾಗ ಮುಂದಿನ ಪದವಿಯನ್ನೋ ಸಂಬಳವನ್ನೋ ಸೂಚಿಸುವುದಿಲ್ಲ, ಈ ಕ್ಷಣದ ಏಕಾಗ್ರತೆಯನ್ನು ಬೇಡುತ್ತಾಳೆ. ಇಷ್ಟಲಿಂಗವನ್ನು ಅಂಗೈಯಲ್ಲಿರಿಸಿ ಎವೆಯಿಕ್ಕದೆ ನೋಡುವ ಮನೆಗಳಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲಿ ಲಕ್ಷ್ಯ ದೂರದ ಕಂಬಗಳ ನಡುವೆ ಇಲ್ಲ, ಅಂಗೈಯಲ್ಲಿಯೇ ಇದೆ.

ಎರಡು ಜೊತೆ ಚಪ್ಪಲಿ

ಮರುದಿನ ಮುರ್ಡೇಶ್ವರ, ಮಂಕಿಗಳನ್ನು ದಾಟಿ ಗುಣವಂತೆಯ ಮೇಲೆ ಹಾದು ಬಂದೆವು. 1934ರಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಇಡಗುಂಜಿ ಮೇಳವನ್ನು ಕಟ್ಟಿದ ಸೀಮೆ ಇದು. ದ್ರೋಣಾಚಾರ್ಯರು ಮರದ ಮೇಲಿನ ಹಕ್ಕಿಯನ್ನು ತೋರಿಸಿ ಶಿಷ್ಯರನ್ನು ಪರೀಕ್ಷಿಸಿದ ಕಥೆಯನ್ನು ಯಕ್ಷಗಾನ, ತಾಳಮದ್ದಲೆಗಳ ಈ ನಾಡಿನಲ್ಲಿ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಉಳಿದವರಿಗೆ ಮರ, ಕೊಂಬೆ, ಬಳಿಯಲ್ಲಿ ನಿಂತ ಗುರು, ಸೋದರರು ಎಲ್ಲರೂ ಕಂಡರು. ಅರ್ಜುನನಿಗೆ ಹಕ್ಕಿಯ ತಲೆಯೊಂದೇ ಕಂಡಿತು. ಇಷ್ಟನ್ನು ನಾವೆಲ್ಲರೂ ಮಕ್ಕಳಿಗೆ ಹೇಳುತ್ತೇವೆ. ಆದರೆ ಆ ಹಕ್ಕಿ ಜೀವವಿದ್ದ ಹಕ್ಕಿಯಲ್ಲ, ಶಿಲ್ಪಿಗಳಿಂದ ಮಾಡಿಸಿ ಮರದ ಮೇಲೆ ಇರಿಸಿದ ಕೃತಕ ಪಕ್ಷಿ ಎಂದು ಮಹಾಭಾರತದ ಆದಿಪರ್ವವು ಹೇಳುವುದನ್ನು ಮರೆಯುತ್ತೇವೆ. ಶಿಷ್ಯರ ಗುರಿಯನ್ನು ಅಳೆಯಬೇಕಾದಾಗಲೂ ಆ ಗುರು ಜೀವವಿರುವುದನ್ನು ಬಾಣದ ಮುಂದೆ ಇಡಲಿಲ್ಲ. ಈ ಸೂಕ್ಷ್ಮಕ್ಕೆ ಮುಂದೆ ಮತ್ತೆ ಬರುತ್ತೇವೆ.

ಶರಾವತಿಯ ಸೇತುವೆಯನ್ನು ದಾಟುವ ಮೊದಲು ಕಾಸರಕೋಡಿನಲ್ಲಿ ಇಳಿದೆವು. 2020ರಲ್ಲಿ ‘ನೀಲಿ ಬಾವುಟ’ದ ಮನ್ನಣೆ ಪಡೆದ ಕಡಲತೀರ ಅದು. ಗಾಳಿಮರಗಳ ಸಾಲಿನಾಚೆ ಹುಡುಗರು ಮರಳಿನಲ್ಲಿ ಚೆಂಡು ಒದೆಯುತ್ತಿದ್ದರು. ಒಂದೊಂದು ಕೊನೆಯಲ್ಲಿ ಒಂದೊಂದು ಜೊತೆ ಚಪ್ಪಲಿಯನ್ನು ಬಿಡಿಯಾಗಿ ದೂರ ದೂರ ಇಟ್ಟಿದ್ದರು, ಅವೇ ಕಂಬಗಳು. ಬಳಿಗೆ ಬಂದ ಹತ್ತು ವರ್ಷದ ಬಾಲಕನನ್ನು, ದೊಡ್ಡವರೆಲ್ಲರಿಗೂ ಇರುವ ಚಪಲದಿಂದ, “ಮಗೂ, ನಿನ್ನ ಗುರಿ ಏನಪ್ಪಾ?” ಎಂದು ಕೇಳಿದೆವು. ಡಾಕ್ಟರು, ಇಂಜಿನಿಯರು ಎಂಬ ಉತ್ತರವನ್ನು ನಿರೀಕ್ಷಿಸಿದ್ದೆವು. ಆತ ಕೈಚಾಚಿ, “ಅಲ್ಲೇ ಕಾಣ್ತದಲ್ಲ, ಅಜ್ಜಾ! ಆ ಚಪ್ಪಲಿ ನಡುವೆ ಹೊಡೀಬೇಕು” ಎಂದು ಓಡಿದ. ನಮಗೆ ನಗುವೂ ಬಂತು, ಸಮಾಧಾನವೂ ಆಯಿತು. ಆ ಹುಡುಗನಿಗೆ ತನ್ನ ಗುರಿ ಕಣ್ಣೆದುರಿಗೇ ಇತ್ತು, ಅದರಲ್ಲಿ ಸಂತೋಷವಿತ್ತು. ಕತ್ತಲಾದರೆ ಚಪ್ಪಲಿಯನ್ನು ಮೆಟ್ಟಿಕೊಂಡು ಮನೆಗೆ ಹೋಗುವ ಸ್ವಾತಂತ್ರ್ಯವೂ ಇತ್ತು.

ದೊಡ್ಡವರ ಮೈದಾನದಲ್ಲಿ ಈ ಸಡಿಲಿಕೆ ಇಲ್ಲ. ಅಲ್ಲಿ ಗೋಲುಕಂಬಗಳ ನಡುವಿನ ಅಂತರ 7.32 ಮೀಟರು, ಅಡ್ಡಪಟ್ಟಿಯ ಎತ್ತರ 2.44 ಮೀಟರು. ಹಾಕಿಯಲ್ಲಿ ಅಗಲ 3.66 ಮೀಟರು, ಎತ್ತರ 2.14 ಮೀಟರು. ಕಾಲ್ಚೆಂಡಿನಲ್ಲಿ ಚೆಂಡು ಪೂರ್ತಿಯಾಗಿ ಗೆರೆಯನ್ನು ದಾಟಬೇಕು, ಕೂದಲೆಳೆಯಷ್ಟು ಗೆರೆಯ ಮೇಲೆ ಉಳಿದರೂ ಎಣಿಕೆಗೆ ಬಾರದು. ಬಲೆಯೆಂದರೆ ಮೀನು ಎಂದು ತಿಳಿದ ಕರಾವಳಿಯವರಿಗೆ ಹೇಳಬೇಕಾದ ಒಂದು ಮಾತು: ಕಂಬಗಳಿಗೆ ಬಲೆ ಕಟ್ಟುವ ಪದ್ಧತಿ ಇಂಗ್ಲೆಂಡಿನಲ್ಲಿ ರೂಢಿಗೆ ಬಂದದ್ದು 1891ರ ಸುಮಾರಿಗೆ. ಚೆಂಡು ಒಳಗೆ ಹೋಯಿತೋ ಇಲ್ಲವೋ ಎಂಬ ಜಗಳಗಳೇ ಅದಕ್ಕೆ ಕಾರಣ. ಗೋಲಿಗೆ ಸಾಕ್ಷಿ ಬೇಕು, ಲೆಕ್ಕ ಬೇಕು. ಇನ್ನೂ ಒಂದು ನಿಯಮವಿದೆ. ಗೋಲು ಆದೊಡನೆ ಚೆಂಡನ್ನು ಮೈದಾನದ ನಡುವಿಗೆ ತಂದು ಆಟವನ್ನು ಮತ್ತೆ ಮೊದಲಿನಿಂದ ತೊಡಗಬೇಕು, ಮೊದಲ ಒದೆತ ಗೋಲು ಕೊಟ್ಟ ತಂಡದವರದು. ಸೋತವನಿಗೆ ಮೊದಲ ಅವಕಾಶ ಕೊಡುವ ಈ ಔದಾರ್ಯ ನಮ್ಮ ಎಷ್ಟು ಮನೆಗಳಲ್ಲಿದೆ?

ಎಣಿಕೆಗೆ ಸಿಗದವರು

ಆಟದ ಗೋಲನ್ನೂ ಬಾಳಿನ ಗುರಿಯನ್ನೂ ಒಂದೇ ಹೆಸರಿನಲ್ಲಿ ಹಿಡಿದ ಪುಸ್ತಕವೊಂದಿದೆ. ಹಾಕಿಯ ಮಹಾನ್ ಆಟಗಾರ ಮೇಜರ್ ಧ್ಯಾನಚಂದರ ಆತ್ಮಕಥೆ 1952ರಲ್ಲಿ ‘ಗೋಲ್’ ಎಂಬ ಶೀರ್ಷಿಕೆಯಿಂದಲೇ ಪ್ರಕಟವಾಯಿತು. 1928ರ ಆಮ್‌ಸ್ಟರ್‌ಡ್ಯಾಮ್ ಒಲಿಂಪಿಕ್ಸಿನಲ್ಲಿ ಭಾರತದ ತಂಡ ಹೊಡೆದ 29 ಗೋಲುಗಳಲ್ಲಿ 14 ಅವರವು. 1936ರ ಆಗಸ್ಟ್ 15ರಂದು ಬರ್ಲಿನ್ನಿನಲ್ಲಿ ಅವರ ನಾಯಕತ್ವದ ತಂಡ ಜರ್ಮನಿಯನ್ನು 8–1ರಿಂದ ಸೋಲಿಸಿತು. ಅವರ ಜನ್ಮದಿನವಾದ ಆಗಸ್ಟ್ 29 ಇಂದು ರಾಷ್ಟ್ರೀಯ ಕ್ರೀಡಾದಿನ.

ಆದರೆ 1928ರ ಲೆಕ್ಕದಲ್ಲಿ ಇನ್ನೊಂದು ಅಂಕಿಯಿದೆ. ಭಾರತದ ಮೇಲೆ ಎದುರಾಳಿಗಳು ಹೊಡೆದ ಗೋಲುಗಳು ಸೊನ್ನೆ. ಆ ಸೊನ್ನೆಯನ್ನು ಕಾಯ್ದವರು ಗೋಲುಕಾವಲಿನ ರಿಚರ್ಡ್ ಅಲೆನ್. 29ನ್ನು ನೆನೆಯುವವರು ಬಹಳ, ಸೊನ್ನೆಯನ್ನು ನೆನೆಯುವವರು ವಿರಳ. ನಮ್ಮ ಸಂಸಾರಗಳಲ್ಲಿಯೂ ಹೀಗೆಯೇ. ಮಗನ ಪದವಿ, ಮಗಳ ಬಹುಮಾನ ಪಡಸಾಲೆಯ ಗೋಡೆಯ ಮೇಲೆ ತೂಗುತ್ತವೆ. ಮನೆಗೆ ಬರಬಹುದಾಗಿದ್ದ ಸಾಲವನ್ನು, ಜಗಳವನ್ನು, ಹಸಿವನ್ನು ಹೊಸ್ತಿಲಲ್ಲಿಯೇ ತಡೆದ ತಾಯಿಯ ಹೆಸರಿನಲ್ಲಿ ಯಾವ ಫಲಕವೂ ಇರುವುದಿಲ್ಲ.

ನಮ್ಮ ನಾಡಿನ ಆಟವಾದ ಕಬಡ್ಡಿಯಲ್ಲಂತೂ ಗೋಲೇ ಇಲ್ಲ. ದಾಳಿಗೆ ಹೋದವನಿಗೆ 30 ಸೆಕೆಂಡುಗಳ ಅವಧಿ. ಎದುರಾಳಿಯನ್ನು ಮುಟ್ಟಿದರೆ ಸಾಲದು, ಉಸಿರು ಬಿಡದೆ, ನುಡಿ ಕಡಿಯದೆ ತನ್ನ ಅಂಗಳಕ್ಕೆ ಮರಳಿದಾಗ ಮಾತ್ರ ಆ ಮುಟ್ಟಿದ್ದಕ್ಕೆ ಬೆಲೆ. ಭಟ್ಕಳದಿಂದ ಕೊಲ್ಲಿ ದೇಶಗಳಿಗೆ, ಹೊನ್ನಾವರ, ಕುಮಟೆಗಳಿಂದ ಬೆಂಗಳೂರು, ಮುಂಬಯಿಗಳಿಗೆ ಮಕ್ಕಳನ್ನು ಕಳುಹಿಸಿ ದಾರಿ ಕಾಯುವ ತಂದೆತಾಯಿಗಳಿಗೆ ಈ ನಿಯಮದ ಮರ್ಮ ಚೆನ್ನಾಗಿ ಗೊತ್ತು. ದೂರ ಹೋಗಿ ಗೆಲ್ಲುವುದು ಅರ್ಧ ಆಟ. ಮರಳಿ ಮನೆಯ ಗೆರೆಯನ್ನು ಮುಟ್ಟುವುದು ಉಳಿದರ್ಧ.

ಗೋಡೆಯ ಮೇಲಿನ ಅಂಕಿ

ಸಂಜೆ ಕುಮಟೆಯನ್ನು ಸೇರಿದೆವು. ನಮ್ಮನ್ನು ಕರೆದವರು ಉದ್ಯೋಗನಿಮಿತ್ತ ಧಾರವಾಡದ ಕಡೆಯಿಂದ ಬಂದು ಅಲ್ಲಿ ನೆಲೆಸಿದ ಸದ್ಭಕ್ತರು. ಮಗಳು ಹತ್ತನೆಯ ತರಗತಿ, ಪರೀಕ್ಷೆ ಆ ತಿಂಗಳ ಕೊನೆಗೆ. ಅವಳ ಓದುವ ಮೇಜಿನ ಮೇಲ್ಗಡೆ ಗೋಡೆಗೆ ಒಂದು ಕಾಗದ, ಅದರಲ್ಲಿ ಕೆಂಪು ಮಸಿಯಿಂದ ಬರೆದ ಎರಡೇ ಮಾತು: ‘ಗೋಲ್ 625’. ಒಟ್ಟು ಅಂಕಗಳೇ 625, ಒಂದೂ ಕಳೆಯಬಾರದೆಂಬುದು ತಂದೆಯ ಹಂಬಲ. ಅವರದು ಕೆಟ್ಟ ಮನಸ್ಸಲ್ಲ. ತಮಗೆ ದೊರೆಯದ ಓದು ಮಗಳಿಗೆ ದೊರೆಯಲಿ ಎಂಬ ಅಕ್ಕರೆಯೇ. ಆದರೆ ಶಾಲೆಯ ಪೂರ್ವಸಿದ್ಧತಾ ಪರೀಕ್ಷೆಯಲ್ಲಿ 598 ಬಂದಂದಿನಿಂದ ಆ ಹುಡುಗಿ ಎರಡು ದಿನ ಸರಿಯಾಗಿ ಉಂಡಿರಲಿಲ್ಲವಂತೆ. ಪ್ರಸಾದಕ್ಕೆ ಕುಳಿತಾಗಲೂ ತಲೆಯೆತ್ತಿ ಮಾತಾಡಲಿಲ್ಲ. 598 ಅಂಕ ಪಡೆದ ಮಗು ಕಳೆದುಹೋದ 27ಕ್ಕಾಗಿ ತಲೆ ತಗ್ಗಿಸಿ ಕುಳಿತದ್ದನ್ನು ನೋಡಿ ನಮ್ಮ ಕೈತುತ್ತು ಕೈಯಲ್ಲಿಯೇ ಉಳಿಯಿತು. ಗೋಲು ಹೋಗಿ ಗೋಳಾಗುವುದಕ್ಕೆ ಒಂದೇ ಅಕ್ಷರದ ಅಂತರ.

ನಾವು ಏನು ಹೇಳಬೇಕೆಂದು ಯೋಚಿಸುತ್ತಿರುವಾಗ, ಒಳಗಿನಿಂದ ಮಜ್ಜಿಗೆಯ ತಂಬಿಗೆಯನ್ನು ಹಿಡಿದು ಬಂದ ಅಜ್ಜಿ ಮಗನನ್ನು ನೋಡಿ ಹೇಳಿದರು: “ಹುಡುಗಿ ಗುರಿ ಇಡ್ಲಿ, ಬ್ಯಾಡ ಅನ್ನಂಗಿಲ್ಲ. ನೀ ಹುಡುಗಿ ಮ್ಯಾಲೇ ಗುರಿ ಇಟ್ಟೀಯಲ್ಲೋ ತಮ್ಮಾ, ಅದು ಬ್ಯಾಡ.”

ಮಠದಲ್ಲಿ ಹಲವು ವರ್ಷ ವ್ಯಾಕರಣ, ನಿಘಂಟುಗಳನ್ನು ಓದಿದ ನಮಗೆ ಹೊಳೆಯದ ಅರ್ಥವನ್ನು ಆ ತಾಯಿ ಒಂದು ವಿಭಕ್ತಿಯ ವ್ಯತ್ಯಾಸದಲ್ಲಿ ತೋರಿಸಿಕೊಟ್ಟರು. ಹೌದು, ಕನ್ನಡದಲ್ಲಿ ಗುರಿ ಇಡುವುದೂ ಉಂಟು, ಗುರಿಯಾಗುವುದೂ ಉಂಟು. ‘ರೋಗಕ್ಕೆ ಗುರಿಯಾದನು’, ‘ನಿಂದೆಗೆ ಗುರಿಯಾದಳು’ ಎನ್ನುವಾಗ ಬಾಣ ಯಾರನ್ನು ಹೊಕ್ಕಿದೆಯೆಂಬುದು ಸ್ಪಷ್ಟ. ಮಕ್ಕಳು ಗುರಿ ಹಿಡಿಯಬೇಕೆಂದು ಬಯಸುವ ನಾವೇ, ನಮಗೆ ತಿಳಿಯದಂತೆ, ಅವರನ್ನು ನಮ್ಮ ಆಸೆಯ ಗುರಿಯಾಗಿಸುತ್ತೇವೆ. ದ್ರೋಣರು ಕೃತಕ ಪಕ್ಷಿಯನ್ನು ಇಟ್ಟ ಕೊಂಬೆಯ ಮೇಲೆ ನಾವು ಜೀವವಿರುವ ಮಗುವನ್ನು ಕೂರಿಸುತ್ತೇವೆ.

ಆ ರಾತ್ರಿ ತಂದೆಯವರ ಜೊತೆ ನಾವು ಹೆಚ್ಚು ಮಾತಾಡಲಿಲ್ಲ. ಭಟ್ಕಳದ ಗೋಡೆಯ ಸಂಗತಿಯನ್ನೂ ಕಾಸರಕೋಡಿನ ಹುಡುಗನ ಉತ್ತರವನ್ನೂ ಮಾತ್ರ ಹೇಳಿದೆವು. ಹುಡುಗಿ ಬಾಗಿಲ ಮರೆಯಲ್ಲಿ ನಿಂತು ಕೇಳಿ ಒಂದು ಸಲ ನಕ್ಕದ್ದು ನಮಗೆ ಕೇಳಿಸಿತು. ಬೆಳಿಗ್ಗೆ ಪೂಜೆ ಮುಗಿಸಿ ಹೊರಡುವಾಗ ನೋಡಿದರೆ ಗೋಡೆಯ ಮೇಲೆ ಆ ಕಾಗದ ಇರಲಿಲ್ಲ. ಯಾರು ತೆಗೆದರೆಂದು ನಾವು ಕೇಳಲಿಲ್ಲ.

ಹಿಂದೆ ಗುರು, ಮುಂದೆ ಗುರಿ ಇರಬೇಕೆಂಬುದು ನಮ್ಮಲ್ಲಿ ಮನೆಮಾತು. ಆ ಮಾತಿನ ನಡುವೆ ನಡೆಯುವವನೊಬ್ಬ ಇದ್ದಾನೆ, ಆತ ಮಗು. ಗುರು ಹಿಂದಿನಿಂದ ನೂಕದಿರಲಿ, ಗುರಿ ಮುಂದಿನಿಂದ ಹೆದರಿಸದಿರಲಿ. ಅಂಕಗಳನ್ನು ಎಣಿಸೋಣ, ಅವು ಗೋಲುಗಳು, ಎಣಿಸಿ ಚೆಂಡನ್ನು ಮತ್ತೆ ನಡುವಿಗೆ ತರೋಣ. ಗುರಿಯನ್ನು ಮಾತ್ರ ಮಗುವೇ ತನ್ನ ಕಣ್ಣಿನಿಂದ ಕಂಡುಕೊಳ್ಳಲಿ. ಮನೆಮನೆಗಳ ಅಂಗಳದಲ್ಲಿ ಮಕ್ಕಳು ಗುರಿಯುಳ್ಳವರಾಗಲಿ, ಯಾರ ಗುರಿಯೂ ಆಗದಿರಲಿ ಎಂದು ಹಾರೈಸುತ್ತೇವೆ.